ಹೊಸ ಅಂಚೆ, ಹಳೆಯ ಗೇಣಿ

ಹೊಸದೊಂದು ಮಿಂಚಂಚೆಯ ಸೇವೆ ಬಂದಿತೆಂದರೆ ವಿದ್ಯಾವಂತರ ನಡುವೆ ಸಣ್ಣದೊಂದು ಜಾತ್ರೆಯೇ ನೆರೆಯುವುದುಂಟು. 2025ರ ಅಕ್ಟೋಬರಿನಲ್ಲಿ ಕೇಂದ್ರ ಗೃಹಸಚಿವ ಅಮಿತ್ ಶಾ ಅವರು ತಮ್ಮ ಮಿಂಚಂಚೆಯನ್ನು ಜೋಹೊ ಸಂಸ್ಥೆಯ ಸೇವೆಗೆ ಬದಲಾಯಿಸಿಕೊಂಡಿರುವುದಾಗಿ ಪ್ರಕಟಿಸಿದರು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಅಂಚೆಯೂ ಆ ಸಂಸ್ಥೆ ಕಟ್ಟಿದ ವ್ಯವಸ್ಥೆಗೆ ಸಾಗಿದೆಯೆಂಬ ಸುದ್ದಿ ಅದೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದಿತು. ಆ ಸೇವೆಯೇನೋ ಹೊಸದಲ್ಲ, 2008ರಿಂದಲೂ ಇರತಕ್ಕದ್ದು. ಆದರೆ ಜನರ ಕಣ್ಣಿಗೆ ಅದು ಹೊಸದಾಗಿ ಬಿದ್ದಿತು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕಾರು ಮಂದಿ ಆ ವಾರವೆಲ್ಲ ಅಲ್ಲಿ ತಮ್ಮ ತಮ್ಮ ಹೆಸರನ್ನು ಹಿಡಿದಿಡುವ ಆತುರದಲ್ಲಿದ್ದರು. ಇದನ್ನು ಕಂಡ ಹಿರಿಯ ಮಿತ್ರರೊಬ್ಬರು, "ಪೆಟ್ಟಿಗೆ ಬದಲಾದರೆ ಒಳಗಿನ ಕಾಗದ ಬದಲಾದೀತೇನ್ರಯ್ಯಾ?" ಎಂದು ನಕ್ಕರು.

ಮಾತು ಚೆನ್ನಾಗಿದೆ, ಆದರೆ ಆ ನಗೆಯಲ್ಲಿ ನಾನು ಪಾಲುಗಾರನಾಗಲಾರೆ. ಬಲ್ಲವರು, ಪ್ರಾಯ ಬಂದವರು, ಮನೆಯಲ್ಲಿ ಮಾಡಲು ಬೇಕಾದಷ್ಟು ಕೆಲಸವಿರುವವರು ಇಂಥದೊಂದು ಸಂಗತಿಗೆ ಹೀಗೆ ಉತ್ಸಾಹಗೊಳ್ಳುತ್ತಾರೆಂದರೆ ಅದರ ಹಿಂದೆ ಹೊಸದರ ಮೋಹವಷ್ಟೇ ಇದ್ದೀತೆಂದು ನನಗೆ ತೋರುವುದಿಲ್ಲ. ಹೊಸ ಗಡಿಯಾರ, ಹೊಸ ಲೇಖನಿಗಳ ಮೋಹ ಎರಡು ದಿನದ್ದು. ಇದು ಬೇರೆ ಜಾತಿಯದು.

ಸಾಮಾನ್ಯವಾಗಿ ಕೊಡುವ ಕಾರಣಗಳು ನಮಗೆಲ್ಲ ತಿಳಿದವೇ. 2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆ ಜಿಮೇಲನ್ನು ಹೊರತಂದಾಗ ಒಂದು ಗಿಗಾಬೈಟಿನಷ್ಟು ಜಾಗವನ್ನು ಪುಕ್ಕಟೆಯಾಗಿ ಕೊಡುತ್ತೇವೆಂದಿತು. ಆಗ ಹಾಟ್‌ಮೇಲ್ ಕೊಡುತ್ತಿದ್ದುದು ಎರಡು ಮೆಗಾಬೈಟು, ಯಾಹೂ ಕೊಡುತ್ತಿದ್ದುದು ನಾಲ್ಕು. ದಿನವೂ ಏಪ್ರಿಲ್ ಒಂದು. ಇದು ಮೂರ್ಖರ ದಿನದ ತಮಾಷೆಯೆಂದೇ ಬಹಳ ಮಂದಿ ಬಗೆದರು. ಅಲ್ಲದೆ ಒಳಗೆ ಹೋಗಬೇಕಾದರೆ ಈಗಾಗಲೇ ಒಳಗಿದ್ದವರೊಬ್ಬರು ಕರೆಯಬೇಕಾಗಿತ್ತು. ಆ ಕರೆಯೋಲೆಗಳನ್ನು ಅಮೆರಿಕದಲ್ಲಿ ಜನ ಜಾಲದ ಹರಾಜುಕಟ್ಟೆಗಳಲ್ಲಿ ದುಡ್ಡು ಕೊಟ್ಟು ಕೊಂಡರು. ಕರೆಯೋಲೆಯಿಲ್ಲದೆ ಯಾರು ಬೇಕಾದರೂ ಸೇರಬಹುದೆಂದಾದುದು 2007ರಲ್ಲಿ. ವಿಶಾಲವಾದ ಜಾಗ, ದುಡ್ಡಿಲ್ಲದ ಸೇವೆ, ಎಲ್ಲರಿಗೂ ಸಿಕ್ಕದ ಗೌರವ: ಇಷ್ಟು ಸಾಲದೆ ಎನ್ನುವರು. ಸಾಲದು. ಜಾಗವೆಂಬುದು ಉತ್ಸಾಹದ ನೆಪ. ನನಗೆ ಆ ಕರೆಯೋಲೆ ಬಂದ ಕಾಲದಲ್ಲಿ ಆ ಗಿಗಾಬೈಟನ್ನು ತುಂಬುವಷ್ಟು ಕಾಗದ ಬರೆಯುವವರು ನನಗೆ ಯಾರೂ ಇರಲಿಲ್ಲ.

ಅದಕ್ಕೂ ಎಂಟು ವರ್ಷ ಹಿಂದಿನ ಕಥೆ ಹೆಚ್ಚು ತಿಳಿವಳಿಕೆ ಕೊಡುವಂಥದು. ಅದರಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ಎಂಬ ತರುಣ ತನ್ನ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಎಂಬುವನೊಡನೆ ಸ್ವಂತ ಉದ್ಯಮದ ಯೋಚನೆಯಲ್ಲಿದ್ದ. ಇಬ್ಬರೂ ನೌಕರರು. ಕಚೇರಿಯ ಅಂಚೆಯಲ್ಲಿ ಬರೆದುಕೊಂಡರೆ ಧಣಿಗಳ ಕಣ್ಣಿಗೆ ಬೀಳುವ ಭಯ. ತಮ್ಮ ಖಾಸಗಿ ಅಂಚೆಯನ್ನು ನೋಡೋಣವೆಂದರೆ ಕಚೇರಿಯ ರಕ್ಷಣಾಗೋಡೆ ಅಡ್ಡ. ಯಾವ ಊರಿನ ಯಾವ ಯಂತ್ರದ ಮುಂದೆ ಕುಳಿತರೂ, ಜಾಲದ ಪುಟವೊಂದನ್ನು ತೆರೆದು ತನ್ನ ಕಾಗದವನ್ನು ತಾನೇ ಓದಿಕೊಳ್ಳುವಂತಾದರೆ? ಈ ಯೋಚನೆ ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ. 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದಿನದಂದೇ, ಹಾಟ್‌ಮೇಲ್ ಆರಂಭವಾಯಿತು. ಹೋಗುವ ಪ್ರತಿಯೊಂದು ಕಾಗದದ ಅಡಿಯಲ್ಲೂ 'ನೀವೂ ಉಚಿತವಾಗಿ ಒಂದು ವಿಲಾಸ ಪಡೆಯಿರಿ' ಎಂಬರ್ಥದ ಸಾಲೊಂದು ತಾನಾಗಿ ಸೇರಿಕೊಳ್ಳುತ್ತಿತ್ತು. ಮದುವೆಯ ಕರೆಯೋಲೆಯ ಕೆಳಗೆ ಮುದ್ರಣಾಲಯದ ಹೆಸರು ಇರುವುದಿಲ್ಲವೆ, ಹಾಗೆ. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಸುಮಾರು 40 ಕೋಟಿ ಡಾಲರಿಗೆ ಅದನ್ನು ಕೊಂಡಿತೆಂಬುದು ಎಲ್ಲರೂ ಬಾಯಿಚಪ್ಪರಿಸಿ ಹೇಳುವ ಭಾಗ. ನನಗೆ ಮುಖ್ಯವಾಗಿ ಕಾಣುವುದು ಮೊದಲಿನ ಭಾಗ. ಅದುವರೆಗೆ ಮಿಂಚಂಚೆಯ ವಿಲಾಸವೆಂದರೆ ಒಂದು ಕಚೇರಿಯದು, ಒಂದು ವಿಶ್ವವಿದ್ಯಾನಿಲಯದದು, ಇಲ್ಲವೇ ಚಂದಾ ಕಟ್ಟಿದ ಸಂಪರ್ಕ ಸಂಸ್ಥೆಯದು. ಕೆಲಸ ಬಿಟ್ಟರೆ ವಿಲಾಸವೂ ಬಿಟ್ಟಿತು. ಮನುಷ್ಯ ಯಾರ ಆಳೂ ಅಲ್ಲದೆ, ತಾನು ತಾನಾಗಿಯೇ ಕಾಗದ ಪಡೆಯಬಹುದೆಂಬುದು 1996ರ ನಿಜವಾದ ಹೊಸತನ.

'ವಿಲಾಸ'ವೆಂಬ ಮಾತಿಗೆ ಕಾವ್ಯದಲ್ಲಿ ಲೀಲೆ, ಬೆಡಗು, ಶೋಭೆ ಎಂದರ್ಥ. ಅದು ಹೇಗೋ ಅಂಚೆಯವನ ಚೀಲದೊಳಗೆ ಬಿದ್ದು ಮನೆಯ ಗುರುತಾಯಿತು. ಬೆಡಗೆಲ್ಲ ಹೋಗಿ ಬರಿಯ ಗುರುತು ಉಳಿಯಿತೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಆದರೆ ಸ್ವಂತ ವಿಲಾಸವಿಲ್ಲದವನಿಗೆ ಒಂದು ವಿಲಾಸ ದೊರೆತಾಗ ಆ ಹಳೆಯ ಅರ್ಥವೂ ಸ್ವಲ್ಪ ಮರಳುತ್ತದೆ. ಪಟ್ಟಣದಲ್ಲಿ ಹುಟ್ಟಿ ಬೆಳೆದವರಿಗೆ ಇದು ಅರಿವಾಗುವುದು ಕಷ್ಟ. ಅವರಿಗೆ ಬೀದಿಯ ಹೆಸರಿದೆ, ಅಡ್ಡರಸ್ತೆಯ ಸಂಖ್ಯೆಯಿದೆ, ಬಾಗಿಲ ಮೇಲೆ ಹಿತ್ತಾಳೆಯ ಫಲಕವಿದೆ. ನಮ್ಮ ಸೀಮೆಯ ಮಾತು ಬೇರೆ.

ಮಾಸ್ತಿಕಟ್ಟೆ, ಯಡೂರು, ಹುಲಿಕಲ್ಲುಗಳ ಸುತ್ತಿನ ಮನೆಗಳು ಊರಾಗಿ ಒಂದೆಡೆ ಕೂಡಿರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದ ಓರೆಗೊಂದು ಮನೆ. ನಡುವೆ ಹಳ್ಳ, ಸಂಕ, ಕಾಡು. ನಾಡಿನಲ್ಲಿ ಅತಿ ಹೆಚ್ಚು ಮಳೆ ಬಿದ್ದ ಸ್ಥಳಗಳ ಪಟ್ಟಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಹುಲಿಕಲ್ಲು, ಮಾಸ್ತಿಕಟ್ಟೆಗಳ ಹೆಸರು ಅದರಲ್ಲಿ ಇದ್ದೇ ಇರುತ್ತದೆ. ಅಂಥ ಮಳೆಯಲ್ಲಿ ಅಂಚೆಯವನು ಮನೆಮನೆಗೆ ಬರಬೇಕೆಂದು ಬಯಸುವುದು ನಿರ್ದಯೆಯಾದೀತು. ಆದುದರಿಂದ ಕಾಗದಗಳು ಬರುತ್ತಿದ್ದುದು ಬಸ್ಸು ನಿಲ್ಲುವಲ್ಲಿನ ದಿನಸಿ ಅಂಗಡಿಗೆ, ಹೋಟೆಲಿಗೆ, ಅಕ್ಕಿ ಗಿರಣಿಗೆ. ಹೆಸರಿನ ಕೆಳಗೆ 'ಕೇರಾಫ್' ಎಂದು ಅಂಗಡಿಯ ಹೆಸರು; ಅದರ ಕೆಳಗೆ ಅಂಚೆ, ತಾಲ್ಲೂಕು; 1972ರ ಬಳಿಕ 577 ಎಂದು ಮೊದಲಾಗುವ ಆರು ಅಂಕಿ. ಕಾಗದ ಅಂಗಡಿಯ ಹಲಗೆಯ ಮೇಲೆ ಬೆಲ್ಲದ ಡಬ್ಬದ ಪಕ್ಕದಲ್ಲಿ ಎರಡು ದಿನ ಇರುವುದು. ಅಷ್ಟರಲ್ಲಿ ಯಾರ ಮಗನಿಗೆ ಸಂದರ್ಶನದ ಕರೆ ಬಂದಿದೆ, ಯಾರ ಮಗಳ ಜಾತಕ ಹಿಂದಿರುಗಿದೆ, ಯಾರಿಗೆ ಬ್ಯಾಂಕಿನ ನೋಟೀಸು ಬಂದಿದೆ ಎಂಬುದು, ಕಾಗದವನ್ನು ಒಡೆಯದೆಯೇ, ನಾಲ್ಕು ಊರಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ಕೇಡೇನೂ ಇರಲಿಲ್ಲವೆನ್ನುವವರಿದ್ದಾರೆ. ಆ ಕಾಲದ ಆತ್ಮೀಯತೆಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಅಂಗಡಿಯ ಒಳಗಡೆ ಇದ್ದವರು, ಹಲಗೆಯ ಈಚೆ ನಿಂತು "ನನಗೇನಾದರೂ ಬಂದಿದೆಯೇ?" ಎಂದು ಕೇಳಿದವರಲ್ಲ.

ಹೆಂಗಸರಿಗಂತೂ ಎರಡೆರಡು ಕೇರಾಫ್. ಮೊದಲು ತಂದೆಯ ಅಥವಾ ಗಂಡನ ಹೆಸರು, ಅನಂತರ ಅಂಗಡಿಯ ಹೆಸರು. ನಮ್ಮ ಊರಿನ ಹೆಸರನ್ನೇ ನೋಡಿ. ಮಾಸ್ತಿ ಎಂದರೆ ಮಹಾಸತಿ, ಗಂಡನೊಡನೆ ಚಿತೆಯೇರಿದವಳು. ಆಕೆಯ ಕಲ್ಲಿನ ಕಟ್ಟೆಯೇ ಮಾಸ್ತಿಕಟ್ಟೆ ಎಂದು ಹೆಸರು ತಾನೇ ಬಿಡಿಸಿ ಹೇಳುತ್ತದೆ. ಊರಿಗೆ ಊರೇ ಒಬ್ಬ ಹೆಣ್ಣಿನಿಂದ ಹೆಸರು ಪಡೆದು, ಆ ಹೆಣ್ಣಿನ ಸ್ವಂತ ಹೆಸರನ್ನು ಮಾತ್ರ ಉಳಿಸಿಕೊಂಡಿಲ್ಲ. ಅಂಥ ಊರಿನ ಹುಡುಗಿಯೊಬ್ಬಳು ಶಿವಮೊಗ್ಗದ ಸೈಬರ್ ಅಂಗಡಿಯಲ್ಲಿ ಗಂಟೆಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟು ಕುಳಿತು, ತನ್ನ ಹೆಸರನ್ನು ಮಾತ್ರ ಬರೆದು, ತಂದೆಯ ಹೆಸರಿಲ್ಲದೆ, ಮನೆತನದ ಹೆಸರಿಲ್ಲದೆ, ಕೇರಾಫ್ ಇಲ್ಲದೆ, ಒಂದು ವಿಲಾಸವನ್ನು ಪಡೆದಾಗ ಏನು ಅನಿಸಿದ್ದೀತು? ನನ್ನ ಜೊತೆಯಲ್ಲಿ ಎಂ.ಎ. ಓದಿದ ಗೆಳತಿಯೊಬ್ಬರು ಅದನ್ನು ಹೀಗೆ ಹೇಳಿದರು: "ಮೊದಲ ದಿನ ಯಾರಿಗೆ ಬರೆಯಬೇಕೆಂದೇ ತಿಳಿಯಲಿಲ್ಲ. ನನಗೆ ನಾನೇ ಒಂದು ಕಾಗದ ಬರೆದುಕೊಂಡೆ. ಬಂತು!" ಆ 'ಬಂತು' ಎಂಬುದರಲ್ಲಿದ್ದ ಸಂತೋಷವನ್ನು ಗಿಗಾಬೈಟುಗಳಲ್ಲಿ ಅಳೆಯಲಾಗದು.

ಇನ್ನೊಂದು ಸಂಗತಿ ಈ ಮೂರು ತಾಲ್ಲೂಕುಗಳಿಗೆ ವಿಶೇಷವಾದುದು. ಇಲ್ಲಿ ವಿಲಾಸಗಳು ಮುಳುಗುತ್ತವೆ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣವಾದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಮನೆಗಳ ಜೊತೆಗೆ, ಆ ಮನೆಗಳಿಗೆ ಕಾಗದ ಬರೆಯಲು ಬೇಕಾದ ಹೆಸರುಗಳೂ ಹೋದವು. ಮುಂದೆ ವಾರಾಹಿಯ ಸರದಿ. ಯಡೂರಿನ ಬಳಿಯ ಮಾಣಿಯಲ್ಲಿ ಕಟ್ಟೆ, ಘಟ್ಟದ ಕೆಳಗೆ ಹೊಸಂಗಡಿಯಲ್ಲಿ ನೆಲದೊಳಗಿನ ವಿದ್ಯುದಾಗಾರ. ಆ ಕಾಮಗಾರಿಗೆಂದು ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ನಿಗಮದ ಬಡಾವಣೆಯೆದ್ದಿತು. ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಅಕ್ಷರ ಮತ್ತು ಅಂಕಿಯ ಮನೆಗಳಲ್ಲಿ ನೆಲೆಸಿದವು. ವರ್ಗಾವಣೆಯ ಆಜ್ಞೆ ಬಂದೊಡನೆ ಆ ಅಂಕಿ ಬೇರೊಬ್ಬರದಾಯಿತು. ಒಟ್ಟಿಗೆ ಶಾಲೆಗೆ ಹೋದ ಮಕ್ಕಳು ರಾಯಚೂರಿಗೊಬ್ಬರು, ಅಂಬಿಕಾನಗರಕ್ಕೊಬ್ಬರು ಹೋದರು. ಬರೆದ ಕಾಗದಗಳು 'ಇಲ್ಲಿ ಇಲ್ಲ' ಎಂಬ ಷರಾ ಹೊತ್ತು ಹಿಂದಿರುಗಿದವು. ಯಾವ ಅಣೆಕಟ್ಟಿಗೂ ಯಾವ ವರ್ಗಾವಣೆಗೂ ಜಗ್ಗದೆ ಮನುಷ್ಯನ ಬೆನ್ನಿಗೇ ಬರುವ ವಿಲಾಸವೊಂದುಂಟು ಎಂಬ ಸುದ್ದಿ ಇಂಥ ಸೀಮೆಯಲ್ಲಿ ಹೇಗೆ ಕೇಳಿಸಿದ್ದೀತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. 2025ರಲ್ಲಿ ನಮ್ಮ ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ಏರ್ಪಾಡನ್ನು ತಂದು ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಭಾಗಿಸಿ ಒಂದೊಂದಕ್ಕೂ ಹತ್ತು ಅಕ್ಷರಗಳ ಗುರುತು ಕೊಟ್ಟಿದೆ. ಉಪಯುಕ್ತವೇ. ಆದರೆ ಅದು ನೆಲದ ವಿಲಾಸ, ಮನುಷ್ಯನದಲ್ಲ. ಲಿಂಗನಮಕ್ಕಿಯ ಹಿನ್ನೀರಿಗೂ ಅದರಲ್ಲಿ ಗುರುತುಗಳಿವೆ.

ಹಾಗಿದ್ದರೆ ಈಗಾಗಲೇ ವಿಲಾಸವಿರುವವರು ಹೊಸ ಸೇವೆಗೆ ಏಕೆ ಮುಗಿಬೀಳುತ್ತಾರೆ? ಇದಕ್ಕೂ ಮಲೆನಾಡಿನಲ್ಲಿಯೇ ಒಂದು ಹೋಲಿಕೆ ಸಿಕ್ಕುತ್ತದೆ: ಬಗರ್‌ಹುಕುಂ. ಮೊದಲು ಹೋದವನಿಗೆ ನೀರಿನ ಪಸೆಯಿರುವ ತಗ್ಗು ನೆಲ. ತಡವಾಗಿ ಹೋದವನಿಗೆ ಕಲ್ಲುಗುಡ್ಡ. ಹಳೆಯ ಸೇವೆಗಳಲ್ಲಿ ಒಳ್ಳೆಯ ಹೆಸರುಗಳೆಲ್ಲ ಎಂದೋ ಒತ್ತುವರಿಯಾಗಿವೆ. ಮಂಜುನಾಥ, ಸವಿತಾ, ನಾಗರಾಜ ಎಂಬ ಹೆಸರುಳ್ಳವರು ಇಂದು ಅಲ್ಲಿಗೆ ಹೋದರೆ ಹೆಸರಿನ ಬಾಲಕ್ಕೆ ಹುಟ್ಟಿದ ವರ್ಷ, ಊರಿನ ಮೊದಲಕ್ಷರ, ಅದೂ ಸಾಲದಿದ್ದರೆ ಯಂತ್ರವೇ ಸೂಚಿಸಿದ ನಾಲ್ಕಂಕಿಯನ್ನು ಕಟ್ಟಿಕೊಳ್ಳಬೇಕು. ಹೊಸ ಸೇವೆಯಲ್ಲಾದರೆ ಬರಿಯ ಹೆಸರು ಬರಿಯ ಹೆಸರಾಗಿಯೇ ದೊರೆತೀತೆಂಬ ಆಸೆ. ನಮ್ಮ ಅಧ್ಯಾಪಕರ ಕೊಠಡಿಯ ಆತುರದ ಗುಟ್ಟು ಇದೇ. ನಲವತ್ತು ದಾಟಿದ ಮೇಲೆ ತನ್ನ ಹೆಸರು ಬಾಲವಿಲ್ಲದೆ ತನಗೆ ಸಿಕ್ಕಬೇಕೆಂದು ಬಯಸುವುದು ಹಾಸ್ಯಾಸ್ಪದವೆಂದು ನನಗೆ ಅನಿಸುವುದಿಲ್ಲ.

ಅಕ್ಷರದ ವಿಷಯವನ್ನು ಕನ್ನಡದ ಅಧ್ಯಾಪಕನಾಗಿ ಎತ್ತದೆ ಇರಲಾರೆ. ಮೊದಲ ದಿನಗಳಲ್ಲಿ ನಾವು ಕನ್ನಡದ ಕಾಗದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದೆವು. ಆ ಲಿಪಿಗೆ ನಕಾರ ಣಕಾರಗಳ ಭೇದವಿಲ್ಲ, ಲಕಾರ ಳಕಾರಗಳ ಗೊಡವೆಯಿಲ್ಲ, ಹ್ರಸ್ವದೀರ್ಘಗಳ ಲಕ್ಷ್ಯವಿಲ್ಲ. ಗದ್ದೆಯಲ್ಲಿ ಕಳೆ ಹೆಚ್ಚಾಗಿದೆಯೆಂದು ಮಿತ್ರ ಬರೆದರೆ ಊರಿನಲ್ಲಿ ಕಲೆ ಬೆಳೆದಿದೆಯೆಂದು ಓದಿ ಹಿಗ್ಗಬೇಕಾಗಿತ್ತು. 1998ರಲ್ಲಿ ಬಂದ ಬರಹ, ಅನಂತರದ ನುಡಿ ಮೊದಲಾದ ತಂತ್ರಾಂಶಗಳು ಕನ್ನಡವನ್ನು ತೆರೆಯ ಮೇಲೆ ತಂದವು. ಆದರೆ ಕಳಿಸಿದವನಲ್ಲಿದ್ದ ಅಕ್ಷರಮಾದರಿ ಪಡೆದವನಲ್ಲಿ ಇಲ್ಲದಿದ್ದರೆ ಕಾಗದವೆಲ್ಲ ಚಿತ್ರಲಿಪಿಯಾಗುತ್ತಿತ್ತು. ಯೂನಿಕೋಡ್ ಎಲ್ಲ ಯಂತ್ರಗಳಲ್ಲೂ ನೆಲೆಗೊಂಡ ಮೇಲೆ ಈ ಕಷ್ಟ ತೀರಿತು. ಇಷ್ಟಾಗಿಯೂ ಕಾಗದ ಕನ್ನಡದಲ್ಲಿದೆ, ವಿಲಾಸ ಕನ್ನಡದಲ್ಲಿಲ್ಲ. ಬೇರೆ ಲಿಪಿಗಳಲ್ಲಿ ವಿಲಾಸ ಬರೆಯುವುದಕ್ಕೆ ಬೇಕಾದ ಜಾಗತಿಕ ನಿಯಮಗಳು 2012ರಲ್ಲಿಯೇ ಸಿದ್ಧವಾದವು. ಅಂಥ ವಿಲಾಸಗಳಿಗೆ ಕಾಗದ ಕಳಿಸುವ, ಅವುಗಳಿಂದ ಪಡೆಯುವ ಸೌಕರ್ಯವನ್ನು 2014ರಲ್ಲಿ ಜಿಮೇಲ್ ಒದಗಿಸಿತು. 'ಭಾರತ' ಎಂದು ಕನ್ನಡ ಲಿಪಿಯಲ್ಲಿಯೇ ಮುಗಿಯುವ ಜಾಲನಾಮಗಳೂ ಉಂಟು. ದಾರಿಯಿದೆ, ನಡೆಯುವವರಿಲ್ಲ. ಮುಂದೆ ಯಾವುದಾದರೂ ಸೇವೆ ನನ್ನ ಹೆಸರನ್ನು ನನ್ನ ಲಿಪಿಯಲ್ಲಿಯೇ ವಿಲಾಸವಾಗಿ ಕೊಟ್ಟು, ಬ್ಯಾಂಕಿನವರೂ ವಿಶ್ವವಿದ್ಯಾನಿಲಯದವರೂ ತಕರಾರಿಲ್ಲದೆ ಅದನ್ನು ಸ್ವೀಕರಿಸುವಂತೆ ಮಾಡಿದರೆ ಸರತಿಯ ಸಾಲಿನಲ್ಲಿ ನಾನೇ ಮುಂದೆ ನಿಲ್ಲುವೆನು.

ಇಷ್ಟನ್ನು ಉತ್ಸಾಹದ ಪರವಾಗಿ ಹೇಳಿದ ಮೇಲೆ, ಉತ್ಸಾಹಿಗಳು ಒಪ್ಪದ ಮಾತೊಂದನ್ನು ಹೇಳಬೇಕಾಗಿದೆ. ನಾವು ಸ್ವಂತದ್ದೆಂದು ಸಂಭ್ರಮಿಸುವ ಈ ನೆಲ ಸ್ವಂತದ್ದಲ್ಲ; ಗೇಣಿಯದು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಯಂತ್ರಜ್ಞ ಮಿಂಚಂಚೆಯ ವಿಲಾಸದ ನಡುವೆ ಸುರುಳಿಯಂಥ ಚಿಹ್ನೆಯೊಂದನ್ನು ಇಟ್ಟ. ಅದರ ಎಡಕ್ಕೆ ನಮ್ಮ ಹೆಸರು, ಬಲಕ್ಕೆ ನಾವಿರುವ ಮನೆಯ ಯಜಮಾನರ ಹೆಸರು. ಎಡಗಡೆಯದಷ್ಟೇ ನಮ್ಮದು, ಬಲಗಡೆಯವರು ಒಲ್ಲೆನೆಂದರೆ ಎಡಗಡೆಯದೂ ಇಲ್ಲ. ಗೂಗಲ್ ಸಂಸ್ಥೆ 2023ರಲ್ಲಿ ಒಂದು ನಿಯಮ ಮಾಡಿ, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಆ ವರ್ಷದ ಡಿಸೆಂಬರಿನಿಂದ ಅಳಿಸತೊಡಗಿತು. ಉಳುಮೆ ಮಾಡದ ಗೇಣಿದಾರನನ್ನು ಬಿಡಿಸಿದಂತೆ! ಕಳ್ಳರ ಕೈಗೆ ಬೀಳದಿರಲೆಂದು ಈ ಕ್ರಮವೆಂದು ಅವರು ಹೇಳುವ ಕಾರಣ ಸುಳ್ಳಲ್ಲ. ಆದರೆ ತೀರಿಕೊಂಡ ತಂದೆಯ ಕಾಗದಗಳು ಅದರಲ್ಲಿದ್ದರೆ? ನನ್ನ ಪರಿಚಯದ ಮನೆಯೊಂದರಲ್ಲಿ ಹಿರಿಯ ಮಗ ಹೊರದೇಶದಿಂದ ಹತ್ತು ವರ್ಷ ಬರೆದ ಕಾಗದಗಳೂ ಮೊಮ್ಮಕ್ಕಳ ಚಿತ್ರಗಳೂ ತಂದೆಯ ಖಾತೆಯಲ್ಲಿದ್ದು, ತಂದೆ ತೀರಿಕೊಂಡ ಕೆಲಕಾಲದ ಬಳಿಕ ತೆರೆಯಲು ಹೋದಾಗ ಅಂಥ ಖಾತೆಯೇ ಇಲ್ಲವೆಂಬ ಉತ್ತರ ಬಂದಿತು. ಯಾವ ಸೇವೆಯೆಂಬುದು ಇಲ್ಲಿ ಮುಖ್ಯವಲ್ಲ. ಹಿಂದೆ ಊರುಗಳು ಮುಳುಗುವ ಮುನ್ನ ಸರ್ಕಾರದವರು ಬಂದು ನೋಟೀಸು ಅಂಟಿಸುತ್ತಿದ್ದರು, ಜನ ಹೆಂಚು, ಜಂತೆಗಳನ್ನಾದರೂ ಕಿತ್ತು ಗಾಡಿಗೆ ಹೇರುತ್ತಿದ್ದರು. ಇಲ್ಲಿ ನೋಟೀಸು ಬಂದುದು ಅದೇ ಖಾತೆಗೆ, ಓದಬೇಕಾದವರು ಇರಲಿಲ್ಲ.

ಧಣಿಯ ಕಣ್ಣಿನ ಮಾತೂ ಹೊಸದಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಸ್ಥಾಪಿಸಿದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು 1889ರವರೆಗೆ ಸ್ವತಂತ್ರವಾಗಿ ನಡೆದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿತು. ಇತಿಹಾಸಕಾರ ವಿಲ್ಕ್ಸ್ ಇದರ ಇನ್ನೊಂದು ಮುಖವನ್ನೂ ಬರೆದಿಟ್ಟಿದ್ದಾನೆ. ಆ ಅಂಚೆ ಸುದ್ದಿಯನ್ನು ಸಾಗಿಸುವುದಕ್ಕೆ ಇದ್ದಷ್ಟೇ ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಇತ್ತು. ಅಂಚೆಯ ಅಧಿಕಾರಿಗಳು ಅರಮನೆಯ ಗುಪ್ತ ಕಿವಿಗಳಾಗಿದ್ದರು. ಜಿಮೇಲ್ ಬಂದ ತಿಂಗಳಲ್ಲಿಯೇ, ಕಾಗದದೊಳಗಿನ ಮಾತನ್ನು ಯಂತ್ರದಿಂದ ಓದಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಪದ್ಧತಿಯನ್ನು ಖಾಸಗಿತನದ ಪರವಾದ ಹಲವು ಸಂಸ್ಥೆಗಳು ಪ್ರತಿಭಟಿಸಿದವು. ಜಾಹೀರಾತಿಗಾಗಿ ಹಾಗೆ ಓದುವುದನ್ನು ನಿಲ್ಲಿಸುತ್ತೇವೆಂದು ಗೂಗಲ್ ಹೇಳಿದುದು 2017ರಲ್ಲಿ. ಹದಿಮೂರು ವರ್ಷ! ಅಷ್ಟು ಕಾಲ ನಾವು ಪುಕ್ಕಟೆಯೆಂದು ತಿಳಿದದ್ದು ಗೇಣಿಯನ್ನು ಬೇರೆ ಕೊಳಗದಲ್ಲಿ ಅಳೆದುದರಿಂದ.

ಕೊಳಗವೆಂದೊಡನೆ ಕಾಗೋಡು ನೆನಪಾಗದಿರದು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1951ರ ಏಪ್ರಿಲಿನಲ್ಲಿ ರೈತರು ಸತ್ಯಾಗ್ರಹಕ್ಕೆ ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ. ಲೋಹಿಯಾ ಬಂದು ಸೆರೆಯಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಅದು 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಫಲ ಕಂಡಿತು. ಇದನ್ನು ಇಲ್ಲಿ ನೆನೆಯುವುದಕ್ಕೆ ಒಂದು ಕಾರಣವಿದೆ. ಈಗಿನ ಉತ್ಸಾಹದಲ್ಲಿ ಬಹುಪಾಲು 'ನಮ್ಮ ದೇಶದ ಸೇವೆ' ಎಂಬ ಹೆಮ್ಮೆಯಿಂದ ಹುಟ್ಟಿದುದು. ಆ ಹೆಮ್ಮೆ ತಪ್ಪಲ್ಲ; ಚೆನ್ನೈಯಲ್ಲಿ ನೆಲೆಯುಳ್ಳ ಸಂಸ್ಥೆಯೊಂದು ತೆಂಕಾಶಿಯ ಹಳ್ಳಿಯಲ್ಲಿಯೂ ಕಚೇರಿ ತೆರೆದು ಇಂಥ ಕೆಲಸ ಮಾಡಿರುವುದು ಮೆಚ್ಚತಕ್ಕದ್ದೇ. ಆದರೆ ಕಾಗೋಡಿನ ಭೂಮಾಲಿಕರು ಸಮುದ್ರದಾಚೆಯಿಂದ ಬಂದವರಾಗಿರಲಿಲ್ಲ. ಅದೇ ಊರಿನವರು, ಅದೇ ಭಾಷೆಯವರು. ಧಣಿ ನಮ್ಮವನೇ ಎಂಬುದರಿಂದ ಕೊಳಗ ಚಿಕ್ಕದಾಗಲಿಲ್ಲ.

ಇನ್ನೂ ನೋವಿನ ವಿಷಯವೆಂದರೆ ಹಳೆಯ ಕೇರಾಫ್ ಹಿಂಬಾಗಿಲಿನಿಂದ ಮರಳಿರುವುದು. ಇಂದು ಮೊಬೈಲು ಕೊಂಡವನಿಗೆಲ್ಲ ಮಿಂಚಂಚೆಯ ವಿಲಾಸ ಬೇಕು. ಅದಿಲ್ಲದೆ ಯಂತ್ರ ಪೂರ್ತಿ ನಡೆಯದು. ಹಳ್ಳಿಯಿಂದ ಬಂದ ರೈತ, ಅಂಗನವಾಡಿಯ ಸಹಾಯಕಿ, ಅಡಿಕೆ ಸುಲಿಯುವ ಹೆಂಗಸು, ಎಲ್ಲರೂ ಮೊಬೈಲು ಅಂಗಡಿಯ ಹುಡುಗನ ಕೈಗೆ ಯಂತ್ರವನ್ನು ಕೊಡುತ್ತಾರೆ. ಅವನೇ ಹೆಸರು ಕಟ್ಟುತ್ತಾನೆ, ಅವನೇ ಗುಪ್ತಪದ ಇಡುತ್ತಾನೆ, ಮರೆಯಬಾರದೆಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹುಡುಗ ಒಳ್ಳೆಯವನೇ ಇರಬಹುದು. ಬೆಲ್ಲದ ಡಬ್ಬದ ಪಕ್ಕದಲ್ಲಿದ್ದ ಕಾಗದ ಈಗ ಆ ಪುಸ್ತಕದಲ್ಲಿದೆ. ತನ್ನ ಹೆಸರಿನಲ್ಲಿ ಅಂಚೆಪೆಟ್ಟಿಗೆಯೊಂದಿದೆಯೆಂಬುದೇ ಆ ರೈತನಿಗೆ ತಿಳಿಯದು. ಉತ್ಸಾಹದ ಪ್ರಶ್ನೆಯೇ ಇಲ್ಲ. ನನ್ನ ವಿದ್ಯಾರ್ಥಿಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಪರೀಕ್ಷೆಯ ಅರ್ಜಿಗೆ ವಿಲಾಸ ಬರೆಯುತ್ತಾರೆ, ಅದಕ್ಕೆ ಬಂದ ಕಾಗದವನ್ನು ತೆರೆಯುವುದಿಲ್ಲ. ಅವರ ಮಾತುಕತೆಯೆಲ್ಲ ವಾಟ್ಸ್ಆ್ಯಪಿನಲ್ಲಿ. ಆದರೆ ಕೋವಿಡ್ ಕಾಲದಲ್ಲಿ ತರಗತಿ ಕೇಳಲು ಗುಡ್ಡ ಹತ್ತಿದವರು ಇದೇ ಸೀಮೆಯ ಮಕ್ಕಳು. 2021ರಲ್ಲಿ ಇಲ್ಲಿಯ ಹಳ್ಳಿಗಳು 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಫಲಕ ಹಿಡಿದದ್ದುಂಟು. ಸಂಪರ್ಕ ಬಂದು ಹೋಗುವ ಇಂಥ ಕಡೆ, ಈ ಕ್ಷಣವೇ ಉತ್ತರಿಸೆಂದು ಪೀಡಿಸದೆ, ನಾವು ಗುಡ್ಡ ಹತ್ತುವವರೆಗೆ ಕಾದಿರುವ ಗುಣ ಮಿಂಚಂಚೆಗೆ ಇದೆ. ಪೂರ್ಣ ವಾಕ್ಯಗಳಲ್ಲಿ, ಯೋಚಿಸಿ ಬರೆಯುವವರಿಗೆ ಉಳಿದಿರುವುದೂ ಇದೊಂದೇ.

ಹಾಗಾದರೆ ಬೇಡುವುದೇನು? ಸ್ವಂತ ಜಾಲನಾಮವನ್ನು ಕೊಂಡು ಅದರಲ್ಲಿ ವಿಲಾಸ ಇಟ್ಟುಕೊಂಡರೆ ಯಾವ ಸೇವೆಗೆ ಹೋದರೂ ವಿಲಾಸ ಉಳಿಯುತ್ತದೆಂಬುದು ನಿಜ. ವರ್ಷವರ್ಷವೂ ಹಣ ಕಟ್ಟಿ ಅದನ್ನು ಉಳಿಸಿಕೊಳ್ಳುವುದು ಮೇಷ್ಟರಿಗೆ ಸಾಧ್ಯವಾದೀತು, ಅಡಿಕೆ ಸುಲಿಯುವವರಿಗೆ ಆಗದು. ಎಲ್ಲರಿಗೂ ಸಿಕ್ಕುವ ಹಕ್ಕು ಬೇಕು. ದೂರವಾಣಿಯ ವಿಷಯದಲ್ಲಿ ಅದನ್ನು ನಾವು ಪಡೆದಿದ್ದೇವೆ: 2011ರ ಜನವರಿಯಿಂದ ದೇಶದಲ್ಲೆಲ್ಲ, ಸಂಸ್ಥೆ ಬಿಟ್ಟರೂ ಮೊಬೈಲಿನ ಸಂಖ್ಯೆಯನ್ನು ಜೊತೆಗೆ ಕೊಂಡೊಯ್ಯಬಹುದು. ಮಿಂಚಂಚೆಯ ವಿಲಾಸವನ್ನು ಹಾಗೆ ಎತ್ತಿಕೊಂಡು ಹೋಗುವುದು ಅದರ ರಚನೆಯಿಂದಲೇ ಕಷ್ಟ. ಆದರೆ ಬಿಟ್ಟುಹೋದವನ ಕಾಗದಗಳನ್ನು ಇಂತಿಷ್ಟು ವರ್ಷ ಹೊಸ ವಿಲಾಸಕ್ಕೆ ತಿರುಗಿಸಿ ಕಳಿಸುವುದು ಕಷ್ಟವಲ್ಲ. ಮನೆ ಬದಲಾಯಿಸಿದೆನೆಂದು ಅರ್ಜಿ ಕೊಟ್ಟರೆ ನಮ್ಮ ಅಂಚೆಯವರು ಬಹುಕಾಲದಿಂದ ಮಾಡುತ್ತ ಬಂದಿರುವ ಕೆಲಸವೇ ಇದು. ಮಿಂಚಂಚೆಯ ಕೆಲವು ಸೇವೆಗಳಲ್ಲಿ ಈ ಸೌಕರ್ಯವಿದೆಯಾದರೂ ಅದು ಖಾತೆ ಬದುಕಿರುವವರೆಗೆ, ಯಜಮಾನರ ಅನುಗ್ರಹವಿರುವವರೆಗೆ.

ನಮ್ಮ ಸಂಸತ್ತಿನ ಮುಂದೆ 2019ರಲ್ಲಿ ಬಂದ ದತ್ತಾಂಶ ಸಂರಕ್ಷಣೆಯ ಮಸೂದೆಯಲ್ಲಿ, ತನ್ನ ದತ್ತಾಂಶವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಿಕೊಳ್ಳುವ ಹಕ್ಕನ್ನು ಜನರಿಗೆ ಕೊಡುವ ಮಾತಿತ್ತು. 2023ರಲ್ಲಿ ಅಧಿನಿಯಮವಾಗಿ ಬಂದಾಗ ಅದು ಬಿಟ್ಟುಹೋಗಿತ್ತು. ತಿದ್ದಿಸುವ ಹಕ್ಕಿದೆ, ಅಳಿಸುವ ಹಕ್ಕಿದೆ, ತಾನು ಸತ್ತರೆ ಯಾರು ತನ್ನ ಪರವಾಗಿ ಕೇಳಬಹುದೆಂದು ಹೆಸರಿಸುವ ಹಕ್ಕೂ ಇದೆ. ಈ ಕೊನೆಯದು ಜಾರಿಗೆ ಬಂದಾಗ ನಾನು ಮೇಲೆ ಹೇಳಿದಂಥ ಮನೆಗಳಿಗೆ ಆಸರೆಯಾ­ದೀತು. ಹೊತ್ತು ಹೋಗುವ ಹಕ್ಕು ಮಾತ್ರ ಇಲ್ಲ. ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರತಕ್ಕವು. ಅಷ್ಟರಲ್ಲಿ ಹೊಸ ಸೇವೆಗೆ ಸೇರುತ್ತಿರುವ ನನ್ನ ಮಿತ್ರರು, ಹೆಸರು ಹಿಡಿದಿಟ್ಟ ಸಂತೋಷದಲ್ಲಿಯೇ, ಆ ಸಂಸ್ಥೆಗೆ ಒಂದು ಕಾಗದ ಬರೆದು ಕೇಳಬೇಕೆಂದು ನನ್ನ ಬಿನ್ನಹ: ನಾಳೆ ನಾನು ಬಿಟ್ಟುಹೋದರೆ ನನಗೆ ಬಂದ ಕಾಗದಗಳನ್ನು ಎಷ್ಟು ವರ್ಷ ತಿರುಗಿಸಿ ಕಳಿಸುವಿರಿ? ಕನ್ನಡದಲ್ಲಿಯೇ ಕೇಳಲಿ. ಉತ್ತರ ಬಂದರೆ ಇದೇ ಪುಟಕ್ಕೆ ಬರೆದು ತಿಳಿಸಲಿ.